ಮೂರು ಗೇಣಿನ ಪೆಟ್ಟಿಗೆ

ಜೈತೂನಮ್ಮ ಮಂಡಕ್ಕಿ ಅಳೆಯುವಾಗ ಹಿತ್ತಾಳೆಯ ಸೇರಿನ ಬಾಯಿಯ ಮೇಲೆ ಪುಟ್ಟದೊಂದು ಗೋಪುರ ಏಳುತ್ತಿತ್ತು. ಅದು ತಾನಾಗಿ ಜಾರತೊಡಗುವವರೆಗೂ ಸುರಿಯುತ್ತಿದ್ದರು. ಜಾರಿದ್ದು ಅವರದು, ನಿಂತದ್ದು ಗಿರಾಕಿಯದು. ಭಟ್ಟಿ ಓಣಿಯಲ್ಲಿ ಮಂಡಕ್ಕಿಯನ್ನು ಯಾರೂ ತೂಗಿ ಮಾರುತ್ತಿರಲಿಲ್ಲ. ತೂಗುವುದೆಂದರೆ ಗಾಳಿಯನ್ನು ಗಂಟು ಕಟ್ಟಿದ ಹಾಗೆ ಎಂದು ಅಲ್ಲಿನವರು ನಗುತ್ತಿದ್ದರು.

ನಾನು ಆಗ ಅವರ ಮಂಡಕ್ಕಿ ಭಟ್ಟಿಯ ಜಗಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದೆ. ಬಿ.ಎ. ಮುಗಿಸಿದ್ದೆ, ಬಿ.ಎ.ಯೂ ನನ್ನನ್ನು ಮುಗಿಸಿತ್ತು. ಅರ್ಜಿ ಬರೆದುಕೊಡುವುದು ನನ್ನ ಕಸುಬು, ಅರ್ಜಿ ಬರೆಸಲು ಬಂದವರ ಧ್ವನಿಯನ್ನು ಅವರು ಹೋದ ಮೇಲೆ ತೆಗೆದು ತೋರಿಸುವುದು ನನ್ನ ಚಟ. ಜರಡಿ ಹಿಡಿಯುವ ಹೆಂಗಸರು ನಕ್ಕು ನಕ್ಕು ಕೆಮ್ಮುತ್ತಿದ್ದರು. ಬಾಡಿಗೆ ಕೇಳಬೇಕಾದ ಜೈತೂನಮ್ಮ, "ಇವತ್ತು ತಹಶೀಲ್ದಾರನ್ನ ಮಾಡು ತಮ್ಮಾ," ಎಂದಷ್ಟೇ ಕೇಳುತ್ತಿದ್ದರು.

ಆ ವರ್ಷ ಅವರ ಮೈದುನ ದಸ್ತಗೀರ್ ಸಾಬರು ಭಟ್ಟಿ ಮಾರಿಬಿಡೋಣವೆಂದು ಹಟ ಹಿಡಿದಿದ್ದರು. ಜಾಗದಲ್ಲಿ ಅರ್ಧ ಪಾಲು ಅವರದು. ಕೊಳ್ಳುವವನು ಉಗ್ರಾಣ ಕಟ್ಟಿಸುವವನಿದ್ದ. ಅದೇ ಹೊತ್ತಿಗೆ ಕಡಲಾಚೆಯ ವ್ಯಾಪಾರಿಯೊಬ್ಬನಿಂದ ಕಾಗದ ಬಂತು. ನಮ್ಮ ಕಡೆಯ ಜನ ಅಲ್ಲಿ ಬಹಳ ಇದ್ದಾರೆ, ಹಬ್ಬಕ್ಕೆ ನಲವತ್ತು ಪೆಟ್ಟಿಗೆ ಮಂಡಕ್ಕಿ ಬೇಕು, ನನ್ನ ಅಂಗಡಿ ಬಾಗಿಲಿಗೆ ಮುಟ್ಟಿಸುವ ದರ ಹೇಳಿ, ಸರಿಯಾಗಿ ಬಂದರೆ ತಿಂಗಳು ತಿಂಗಳೂ ತರಿಸುತ್ತೇನೆ ಎಂದು ಬರೆದಿದ್ದ. ದಸ್ತಗೀರ್ ಸಾಬರು ಮೆತ್ತಗಾದರು. "ಆಯ್ತು ಭಾಬಿ. ಈ ವ್ಯಾಪಾರ ಕುದುರಿದರೆ ಭಟ್ಟಿ ಉಳಿಯಲಿ. ಇಲ್ಲಾಂದ್ರೆ ಆಮೇಲೆ ನೀವು ಅಡ್ಡ ಬರಬಾರದು."

ಹಡಗಿನಲ್ಲಿ ಕಳಿಸಿದರೆ ಹಬ್ಬ ಮುಗಿದ ಮೇಲೆ ಮುಟ್ಟುತ್ತಿತ್ತು. ವಿಮಾನವೇ ಆಗಬೇಕು. ಓಣಿಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದವನು ನಾನೊಬ್ಬನೇ. ಮೂರು ಸಾಗಣೆ ಕಂಪನಿಗಳಿಗೆ ಬರೆದೆ. ಒಂದು ಪೆಟ್ಟಿಗೆಗೆ ಹನ್ನೆರಡು ಕಿಲೋ, ನಲವತ್ತಕ್ಕೆ ನಾನೂರ ಎಂಬತ್ತು ಎಂದು ತೂಕ ತಿಳಿಸಿದೆ. ಆ ತೂಕ ಹಿಡಿಯಲು ಪಕ್ಕದ ಓಣಿಯ ಗುಜರಿ ಅಂಗಡಿಯಿಂದ ತಕ್ಕಡಿ ತಂದಿದ್ದೆವು.

ಅದನ್ನು ನೋಡುತ್ತಾ ಜೈತೂನಮ್ಮ ಕೇಳಿದ್ದರು: "ವಿಮಾನದೋರು ಅಳೆಯಲ್ವಾ ತಮ್ಮಾ?"

"ಚಾಚಿ, ಅದು ವಿ-ಮಾನ. ಮಾನ ಅಂದ್ರೆ ಅಳತೆ, ಅದನ್ನೆಲ್ಲ ಕೆಳಗೇ ಬಿಟ್ಟು ಹೋಗುತ್ತೆ. ಅಲ್ಲಿ ಬರೀ ತೂಕ," ಎಂದೆ.

ಹೆಂಗಸರಿಗೆ ಅರ್ಥವಾಗಲಿಲ್ಲ. ಆದರೂ ನಾನು ಹೇಳಿದೆನಲ್ಲ ಎಂದು ನಕ್ಕರು.

ಮೊದಲು ಬಂದದ್ದು ಹಸಿರು ಕಾಗದ. ಕಿಲೋಗೆ ನೂರ ಹದಿನೆಂಟು, ಎಲ್ಲ ಸೇರಿ. ಆಮೇಲೆ ಗುಲಾಬಿ ಕಾಗದ. ಕಿಲೋಗೆ ತೊಂಬತ್ತೈದು ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇಂಧನಕ್ಕೆ ಹನ್ನೆರಡು, ಭದ್ರತೆಗೆ ನಾಲ್ಕು. ನಾನು ಮೋಸ ಹೋಗಲಿಲ್ಲ. ಮೂರನ್ನೂ ಕೂಡಿಸಿ ನೂರ ಹನ್ನೊಂದು ಎಂದು ಪಕ್ಕದಲ್ಲಿ ಬರೆದೆ. "ನೋಡಿದ್ರಾ ಚಾಚಿ, ಗುಲಾಬಿ ಅಂದ್ಮೇಲೆ ಮುಳ್ಳು ಇರಲೇಬೇಕು. ಕಿತ್ತುಹಾಕಿದೆ," ಎಂದೆ. ನನ್ನ ಬಗ್ಗೆ ನನಗೆ ಬಹಳ ಗೌರವ ಬಂದ ದಿನ ಅದು.

ಮೂರನೆಯವರು ಕಾಗದ ಕಳಿಸಲಿಲ್ಲ. ಎದುರಿನ ಮೆಡಿಕಲ್ ಶಾಪಿಗೆ ಫೋನ್ ಮಾಡಿದರು. ಅನಂತಾಳ್ವಾರ್ ಎಂದು ಹೆಸರು. ಮೂಗಿನಿಂದ ಹೊರಟು, ಗಂಟಲಲ್ಲಿ ವಿಶ್ರಮಿಸಿ, ಆಮೇಲೆ ಹೊರಬರುವ ಧ್ವನಿ.

"ತೂಕ ಬರೆದಿದ್ದೀರಿ, ಸಂತೋಷ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಬರೆದಿಲ್ವಲ್ಲ."

"ತೂಕ ಹೇಳಿದ ಮೇಲೆ ಅದ್ಯಾಕೆ ಸ್ವಾಮಿ?"

"ಬೇಕಾಗತ್ತೆ. ಹೇಳಿ."

ನಾನು ಕೂಗಿ ಕೇಳಿದ್ದಕ್ಕೆ ಜೈತೂನಮ್ಮ ಪೆಟ್ಟಿಗೆಯ ಮೇಲೆ ಕೈ ಅಗಲಿಸಿ ಅಳೆದು ಬೀದಿಯ ಆಚೆ ಭಟ್ಟಿಯಿಂದಲೇ ಕೂಗಿದರು. ಉದ್ದ ಮೂರು ಗೇಣು, ಅಗಲ ಎರಡೂವರೆ, ಎತ್ತರವೂ ಎರಡೂವರೆ. ನಾನು ಬೇಕೆಂದೇ ಹಾಗೆಯೇ ಹೇಳಿದೆ.

ಅತ್ತ ಕಡೆ ಬರೆದುಕೊಳ್ಳುವ ಸದ್ದು. ಆಮೇಲೆ, "ಯಾರ ಗೇಣು ಸಾರ್? ನಿಮ್ಮದೋ, ಅವರದೋ?"

ಆ ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ. ಜೈತೂನಮ್ಮನ ಗೇಣು ಇಪ್ಪತ್ತು ಸೆಂಟಿಮೀಟರ್ ಎಂದು ಅಳೆದು ಹೇಳುವವರೆಗೂ ಬಿಡಲಿಲ್ಲ. ಮುಂದಿನ ವಾರವೆಲ್ಲ ನನಗೆ ಅದೇ ಆಟ. ಮೂಗು ಹಿಡಿದು, "ಉ-ದ್ದಾ, ಅ-ಗ-ಲಾ, ಜಂಪರ್ ಹೊಲಿಯೋದೋ, ನಿಲುವಂಗಿನೋ?" ಎಂದು ಶುರು ಮಾಡಿದರೆ ಸಾಕು, ಜರಡಿಗಳು ನಿಂತುಬಿಡುತ್ತಿದ್ದವು. "ಯಾರ ಗೇಣು ಸಾರ್" ಎನ್ನುವುದು ಓಣಿಯ ಮಾತೇ ಆಗಿಹೋಯಿತು. ದಸ್ತಗೀರ್ ಸಾಬರು ಕೂಡ ಬೀಡಿ ಕೊಳ್ಳುವಾಗ ಹಾಗೆನ್ನುತ್ತಿದ್ದರು.

ಅವರ ಬಿಳಿ ಕಾಗದ ಬಂದಾಗ ಓದುವ ಮೊದಲೇ ನಗಲು ತಯಾರಾಗಿದ್ದೆವು. ಕಿಲೋಗೆ ನೂರ ನಾಲ್ಕು, ಎಲ್ಲ ಸೇರಿ. ಅಲ್ಲಿಯವರೆಗೆ ಸರಿ. ಆದರೆ ಕೆಳಗೆ ಸಾವಿರ ಕಿಲೋಗೆ ಲೆಕ್ಕ ಕಟ್ಟಿದ್ದರು. ನಾನೂರ ಎಂಬತ್ತು ಕಿಲೋ ಇರುವ ಸರಕಿಗೆ ಸಾವಿರ.

"ನೋಡಿ, ದರ ಇಳಿಸಿ ತೂಕ ಏರಿಸಿದ್ದಾನೆ," ಎಂದೆ. ಅದೇ ಮೂಗಿನ ಧ್ವನಿಯಲ್ಲಿ ಮೊತ್ತ ಓದಿದೆ. ಎಲ್ಲರೂ ನಕ್ಕರು. ಜೈತೂನಮ್ಮ ಮಾತ್ರ ಕಾಗದವನ್ನು ಕೈಗೆ ತೆಗೆದುಕೊಂಡು, ಓದು ಬಾರದಿದ್ದರೂ, ತುಸು ಹೊತ್ತು ನೋಡಿದರು. "ಇಷ್ಟೊಂದು ಕೇಳಿಕೊಂಡೋನು ಸುಮ್ನೆ ಬರೀತಾನಾ?" ಎಂದರು. ನಾನು ಇನ್ನೊಮ್ಮೆ ಮೂಗು ಹಿಡಿದೆ. ಅವರೂ ನಕ್ಕುಬಿಟ್ಟರು.

ಗುಲಾಬಿಯ ದರ ಹಿಡಿದು ವ್ಯಾಪಾರಿಗೆ ಮುಟ್ಟಿಸುವ ಬೆಲೆ ಬರೆದೆ. ಅವನು ಒಪ್ಪಿದ. ಹನ್ನೊಂದು ಜನ ಹೆಂಗಸರು ಹತ್ತು ದಿನ ಭಟ್ಟಿಯ ಮುಂದೆ ಬೆಂದರು.

ವಿಮಾನ ನಿಲ್ದಾಣದ ಸರಕಿನ ಶೆಡ್ಡಿಗೆ ನಾನೂ ಜೈತೂನಮ್ಮನೂ ಲಾರಿಯಲ್ಲೇ ಹೋದೆವು. ಗುಲಾಬಿ ಕಂಪನಿಯ ಗುಮಾಸ್ತ ಪೆಟ್ಟಿಗೆಗಳನ್ನು ತೂಕದ ಹಲಗೆಯ ಮೇಲೆ ಇಡಿಸಿದ. ನಾನೂರ ಎಂಬತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನು ಜೈತೂನಮ್ಮನ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಆಮೇಲೆ ಅವನು ಜೇಬಿನಿಂದ ಅಳತೆಯ ಟೇಪು ತೆಗೆದ.

ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಹಿಡಿದು, ಗುಣಿಸಿ, ಆರು ಸಾವಿರದಿಂದ ಭಾಗಿಸಿ, ಪೆಟ್ಟಿಗೆಗೆ ಇಪ್ಪತ್ತೈದು ಎಂದು ಬರೆದುಕೊಂಡ. ನಲವತ್ತಕ್ಕೆ ಸಾವಿರ.

"ಹನ್ನೆರಡು ಕಿಲೋ ರೀ. ಈಗ ತಾನೇ ನೀವೇ ನೋಡಿದ್ರಲ್ಲ."

"ನೋಡಿದೆ. ತೂಕ ಹೆಚ್ಚೋ, ಅಳತೆ ಹೆಚ್ಚೋ, ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಹಿಂದಗಡೆ ಓದಿ."

ಗುಲಾಬಿ ಕಾಗದವನ್ನು ಮಗುಚಿದೆ. ಹಿಂದೆ ಒಂದೇ ಒಂದು ಸಾಲಿತ್ತು. ಅಷ್ಟು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ, ಒಮ್ಮೆಯೂ ಮಗುಚಿರಲಿಲ್ಲ.

ಕೂಗಾಡಿದೆ. ಕೂಗಾಡುವಾಗ ಯಾರ ಧ್ವನಿಯೂ ಒದಗಲಿಲ್ಲ, ನನ್ನದೇ ಕೀರಲಾಗಿ ಬಂತು. ಪಕ್ಕದ ಸಾಲಿನಲ್ಲಿ ಹೂವಿನ ಬುಟ್ಟಿಗಳನ್ನು ಬರೆಸುತ್ತಿದ್ದ ಸಣ್ಣಗಿನ ಮುದುಕರೊಬ್ಬರು ಈ ಕಡೆ ತಿರುಗಿದರು. ಹತ್ತಿರ ಬಂದು, ಪೆಟ್ಟಿಗೆಯ ಮೇಲೆ ಬೆರಳಿಟ್ಟು, ಮೂಗಿನಿಂದ ಹೊರಟು ಗಂಟಲಲ್ಲಿ ವಿಶ್ರಮಿಸಿ ಬಂದ ಧ್ವನಿಯಲ್ಲಿ ಕೇಳಿದರು: "ಮೂರು ಗೇಣಿನ ಪೆಟ್ಟಿಗೆಯವರಾ?"

ಜೈತೂನಮ್ಮ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಒಂದು ತಿಂಗಳು ಓಣಿಯನ್ನು ನಗಿಸಿದ ಧ್ವನಿ. ನನ್ನ ಅಣಕದಷ್ಟು ತಮಾಷೆಯಾಗಿ ಅದಿರಲಿಲ್ಲ. ಆ ಮನುಷ್ಯರಿಗೆ ಉಸಿರಿನ ತೊಂದರೆಯಿತ್ತು.

"ಇವರು ಹೇಳ್ತಿರೋದು ಸರಿ ತಾಯಿ," ಎಂದರು ಆಳ್ವಾರ್. "ಎಲ್ಲ ಕಂಪನಿಯೋರೂ ಹೀಗೇ ಹಿಡಿಯೋದು. ವಿಮಾನದ ಹೊಟ್ಟೆ ಇಷ್ಟೇ. ಹಗುರ ಸರಕು ಜಾಗ ತಿಂದುಬಿಟ್ಟರೆ ಭಾರದ್ದಕ್ಕೆ ಎಡೆ ಇರಲ್ಲ. ಅದಕ್ಕೆ ಜಾಗಕ್ಕೂ ದುಡ್ಡು. ನಾನು ಬರೆದಿದ್ದೆನಲ್ಲ, ಸಾವಿರ ಅಂತ."

ಜೈತೂನಮ್ಮ ಪೆಟ್ಟಿಗೆಗಳ ಕಡೆ ತಿರುಗಿದರು. ಅವರ ಬಲಗೈ, ಎದುರಿಗೆ ಇಲ್ಲದ ಸೇರಿನ ಮೇಲೆ ಗೋಪುರವೊಂದನ್ನು ಸವರಿದ ಹಾಗೆ, ಗಾಳಿಯಲ್ಲಿ ಆಡಿತು.

"ಅಂದ್ರೆ ಇವರೂ ನಮ್ಮಂಗೆ ಸೇರಲ್ಲಿ ಅಳೆಯೋರೇ," ಎಂದರು.

ಬೈಯಲಿಲ್ಲ. ಬೈದಿದ್ದರೆ ಉತ್ತರವಾಗಿ ಏನಾದರೂ ಚಮತ್ಕಾರ ಹೇಳಿಬಿಡುತ್ತಿದ್ದೆನೇನೋ.

ಆಮೇಲಿನ ಎರಡು ಗಂಟೆ ನಾನು ಮಾಡಿದ್ದೆಲ್ಲ ಕೈಲಾಗದವನು ಮಾಡುವ ಕೆಲಸಗಳು. ವ್ಯಾಪಾರಿಗೆ ಫೋನ್ ಮಾಡಿದೆ. ಒಪ್ಪಿದ ಬೆಲೆ ಒಪ್ಪಿದ ಬೆಲೆಯೇ ಎಂದು ಅವನು ಮೆಲ್ಲಗೆ, ಮರ್ಯಾದೆಯಾಗಿ ಹೇಳಿದ. ಹಮಾಲನೊಬ್ಬ ಚೀಲಕ್ಕೆ ಸುರಿದು ಒತ್ತಿದರಾಯಿತು ಎಂದ. "ಒತ್ತಿದ್ರೆ ಹಿಟ್ಟಾಗುತ್ತೆ ಮಗಾ," ಎಂದರು ಜೈತೂನಮ್ಮ. ಆಳ್ವಾರ್ ಗುಮಾಸ್ತನ ಹತ್ತಿರ ನಮ್ಮ ಪರವಾಗಿ ಮಾತಾಡಿದರು. ಅವನು ತನ್ನ ಮೇಲಿನವರನ್ನು ಕೇಳಿದ, ಅವರು ತಮ್ಮ ಮೇಲಿನವರನ್ನು ಕೇಳಬೇಕು ಎಂದರು. ಅಷ್ಟರಲ್ಲಿ ಆ ದಿನದ ಸರಕು ಕಟ್ಟುವ ಹೊತ್ತು ಮುಗಿಯುತ್ತಾ ಬಂತು.

"ತಂದಿರೋ ದುಡ್ಡಿಗೆ ಎಷ್ಟು ಹೋಗುತ್ತೋ ಕೇಳು," ಎಂದರು ಜೈತೂನಮ್ಮ.

ಹತ್ತೊಂಬತ್ತು. ಯಾವ ಹತ್ತೊಂಬತ್ತು ಎಂದು ಅವರೇ ಆರಿಸಿದರು. ಒಂದೊಂದು ಪೆಟ್ಟಿಗೆಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, ಪುಡಿಯಾಗದ್ದನ್ನು ಮುಂದಕ್ಕೆ ತಳ್ಳಿದರು. ಆಳ್ವಾರ್ ತಮ್ಮ ಹೂವಿನ ಬುಟ್ಟಿ ಬಿಟ್ಟು, ಇನ್ನೊಂದು ತುದಿಯಿಂದ ಅವರೊಂದಿಗೆ ಕೈಜೋಡಿಸಿದರು. ನಾನು ಎತ್ತಲು ಹೋದಾಗಲೆಲ್ಲ ಆ ಪೆಟ್ಟಿಗೆಗೆ ಆಗಲೇ ಯಾರಾದರೂ ಕೈ ಹಾಕಿರುತ್ತಿದ್ದರು.

ಉಳಿದ ಇಪ್ಪತ್ತೊಂದರೊಂದಿಗೆ ಲಾರಿ ಊರಿಗೆ ಹೊರಟಿತು. ದಾರಿಯಲ್ಲಿ ನಾನು ಏನೋ ಹೇಳಲು ಬಾಯಿ ತೆರೆದೆ. "ಮಲ್ಕೋ ತಮ್ಮಾ, ಸುಸ್ತಾಗಿದೀಯ," ಎಂದರು.

ವ್ಯಾಪಾರಿಯ ಕಾಗದ ಹಬ್ಬ ಕಳೆದು ಹದಿನೈದು ದಿನಕ್ಕೆ ಬಂತು. ಮಂಡಕ್ಕಿ ಬಹಳ ಚೆನ್ನಾಗಿತ್ತು, ಹತ್ತೊಂಬತ್ತೂ ಒಂದೇ ದಿನದಲ್ಲಿ ಮುಗಿಯಿತು, ಉಳಿದ ಗಿರಾಕಿಗಳಿಗೆ ಮುಖ ತೋರಿಸಲಾಗಲಿಲ್ಲ, ಇನ್ನು ಮುಂದೆ ಬೇರೆಯವರಿಂದ ತರಿಸಿಕೊಳ್ಳುತ್ತೇನೆ, ಕ್ಷಮಿಸಿ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಯಾರ ಧ್ವನಿಯಲ್ಲೂ ಅಲ್ಲ. ದಸ್ತಗೀರ್ ಸಾಬರು ಕೇಳಿಸಿಕೊಂಡು ಬೀಡಿ ಆರಿಸಿದರು. "ಭಾಬಿ..." ಎಂದರು. "ಮಾತು ಮಾತೇ. ನಾನು ಅಡ್ಡ ಬರಲ್ಲ," ಎಂದರು ಜೈತೂನಮ್ಮ.

ಭಟ್ಟಿ ಆರಿಸಿದ ಮೂರನೆಯ ದಿನ ಕೊಂಡವನ ಆಳುಗಳು ಒಲೆ ಒಡೆದು, ಮಂಡಕ್ಕಿ ಹುರಿಯುತ್ತಿದ್ದ ಕಪ್ಪು ಮರಳನ್ನು ಬೀದಿಯಲ್ಲಿ ಸುರಿದರು. ನಾನು ಟೈಪ್‌ರೈಟರನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದೆ. ಮರಳು ಒಳಗಿನಿಂದ ಇನ್ನೂ ಬೆಚ್ಚಗಿತ್ತೇನೋ, ಎಲ್ಲಿಂದಲೋ ಬಂದ ನಾಯಿಯೊಂದು ಅದರ ಮೇಲೆ ಸುರುಳಿ ಸುತ್ತಿ ನಿದ್ದೆ ಹೋಗಿತ್ತು. ಜೈತೂನಮ್ಮ ಪೊರಕೆ ಹಿಡಿದು ಬೀದಿಯನ್ನೆಲ್ಲ ಗುಡಿಸುತ್ತಾ ಬಂದರು. ನಾಯಿಯ ಹತ್ತಿರ ಬಂದಾಗ ಒಂದು ಗಳಿಗೆ ನಿಂತರು. ಆಮೇಲೆ ಅದರ ಸುತ್ತ ಮೊಳದಷ್ಟು ಬಿಟ್ಟು, ಪೊರಕೆಯ ಸದ್ದು ತಗ್ಗಿಸಿ, ಗುಡಿಸಿಕೊಂಡು ಮುಂದೆ ಹೋದರು.