ಅಮ್ಮನ ಹಣೆಯ ಗಾಯ

ಅಮ್ಮ ದಿನಾ ಕುಂಕುಮ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ ಆ ಗಂಟು ಎದ್ದಿತ್ತು. ಚರ್ಮದ ಕ್ಯಾನ್ಸರ್ ಎಂದರು. ಆಷಾಢದಲ್ಲಿ ಕತ್ತರಿಸಿ ತೆಗೆದರು. ಹೊಲಿಗೆ ಬಿಚ್ಚಿದ ಮೇಲೂ ಗಾಯ ಕೂಡಿಕೊಳ್ಳಲಿಲ್ಲ. ಗೌರಿ ಹಬ್ಬ ಹತ್ತಿರ ಬಂದಾಗ ಡಾಕ್ಟರು, "ಸೋಮವಾರ ಕರ್ಕೊಂಡು ಬನ್ನಿ, ಅಂಚಿಂದ ಚೂರು ತೆಗೆದು ಮತ್ತೆ ಟೆಸ್ಟಿಗೆ ಕಳಿಸೋಣ. ಅಲ್ಲೀವರೆಗೂ ಬ್ಯಾಂಡೇಜು ಮಗಳೇ ಬದಲಾಯಿಸ್ಲಿ" ಎಂದರು. ಅದುವರೆಗೆ ಅಮ್ಮ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ತಾನೇ ಬದಲಾಯಿಸಿಕೊಳ್ಳುತ್ತಿದ್ದಳು.

ಮರುದಿನ ಬ್ಯಾಂಡೇಜು ಬಿಚ್ಚಿದೆ. ಹಳದಿ ನೀರಿನ ಜೊತೆ ಕೆಂಪು ಪುಡಿ ಅಂಟಿತ್ತು.

"ಅಮ್ಮ, ಗಾಯದ ಮೇಲೆ ಕುಂಕುಮ ಇಟ್ಕೊಂಡ್ಯಾ?"

"ನಿಮ್ಮಪ್ಪ ಕಣ್ಣೆದುರಿಗೆ ಓಡಾಡ್ಕೊಂಡಿರೋವಾಗ ಬೋಳು ಹಣೇಲಿ ಹೇಗೇ ಇರ್ಲಿ? ಒಂದು ಚೂರು, ಅಷ್ಟೇ. ಅದರ ಕೆಳಗೆ ಅರಿಸಿನಾನೂ ಹಚ್ಚಿದೀನಿ."

ಅಪ್ಪ ಜೋರಾಗಿ ನಕ್ಕರು. "ನಾನು ಗುಂಡುಕಲ್ಲಿನ ಹಾಗಿದೀನಿ ಚೂಡಾಮಣಿ! ನನ್ನ ಆಯಸ್ಸು ಕಾಯೋಕೆ ಹೋಗಿ ನಿನ್ನ ಹಣೆ ಕೊಳೆಸ್ಕೊಂಡ್ಯಲ್ಲ!"

ನನಗೂ ಎದೆ ಹಗುರವಾಯಿತು. ಕಾರಣ ಸಿಕ್ಕಿತ್ತು. ಅದು ಕ್ಯಾನ್ಸರ್ ಅಲ್ಲ, ಬರೀ ಕುಂಕುಮ.

ಮಹಡಿ ಮನೆಯ ಅನ್ನಪೂರ್ಣ ಆಂಟಿ ಬಂದು ಬೈದರು. "ತಾಳಿಗೆ ಇಟ್ಕೊಂಡ್ರೆ ಸಾಕು ಕಣ್ರೀ, ಗೌರಮ್ಮ ಏನೂ ಬೇಜಾರು ಮಾಡ್ಕೊಳಲ್ಲ."

ಅಮ್ಮ ಒಪ್ಪಿದಳು. ಆದರೆ, "ಸೋಮವಾರ ಬೇಡ, ಹಬ್ಬ ಮುಗೀಲಿ. ಇನ್ನು ತಾನಾಗೇ ಮಾಗತ್ತೆ" ಎಂದಳು. ಅಪ್ಪ ಆಸ್ಪತ್ರೆಗೆ ಫೋನು ಮಾಡಿ ಅಪಾಯಿಂಟ್‌ಮೆಂಟ್ ರದ್ದು ಮಾಡಿದರು. ನಾನು ಸುಮ್ಮನೆ ತಲೆಯಾಡಿಸಿದೆ.

ಆಮೇಲೆ ಬ್ಯಾಂಡೇಜಿನಲ್ಲಿ ಕೆಂಪು ಕಾಣಲಿಲ್ಲ. ಹಳದಿ ನೀರು ಮಾತ್ರ ನಿಲ್ಲಲಿಲ್ಲ.

ಹಬ್ಬದ ಬೆಳಿಗ್ಗೆ ಬಾಗಿನದ ಮೊರಗಳು ಸಾಲಾಗಿ ಕೂತಿದ್ದವು. ಜಯನಗರದಿಂದ ಚಿಕ್ಕಮ್ಮ ಹೊರಟಿದ್ದಾಳೆಂದು ಅಪ್ಪ ಅವಸರಪಡಿಸುತ್ತಿದ್ದರು. ಕಿಟಕಿಯ ಹತ್ತಿರ ಅಮ್ಮನ ಮುಖ ಎತ್ತಿ ಹಿಡಿದು ನೋಡಿದೆ. ಗಾಯದ ಅಂಚು ದಪ್ಪಗಾಗಿತ್ತು. ಮೂಗಿನ ಕಡೆಗೆ ಒಂದು ಸಣ್ಣ ಗುಳ್ಳೆ, ಮುತ್ತಿನಂತೆ ಹೊಳೆಯುತ್ತಿತ್ತು. ಮೊದಲಿನ ಗಂಟೂ ಶುರುವಿನಲ್ಲಿ ಹೀಗೇ ಹೊಳೆದಿತ್ತು.

"ಮಾಗ್ತಾ ಇದೆ ಅಲ್ವೇನೇ ಧೃತಿ?" ಅಪ್ಪ ನಡುಮನೆಯಿಂದ ಕೂಗಿದರು.

ಅಮ್ಮ ಕಣ್ಣು ಮುಚ್ಚಿಯೇ ಇದ್ದಳು.

"ಕುಂಕುಮ ಇಟ್ಟಿದ್ದಕ್ಕೆ ಮಾಗದೆ ಹೋಗಿದ್ದಲ್ಲ ಕಣೇ," ಪಿಸುಗುಟ್ಟಿದಳು. "ಮಾಗ್ತಿಲ್ಲ ಅಂತ ಹೆದರಿಕೆ ಆಗೇ ಇಟ್ಟಿದ್ದು. ನೀವಿಬ್ರೂ ಅಷ್ಟು ನಗ್ತಾ ಇದ್ರಿ, ಹೇಳೋಕೆ ಮನಸ್ಸು ಬರ್ಲಿಲ್ಲ."

ಫೋನು ತೆಗೆದುಕೊಂಡು ಆಸ್ಪತ್ರೆಯ ನಂಬರು ಒತ್ತಿದೆ. ಅಮ್ಮ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಆ ಕಡೆ ರಿಂಗಾಗುತ್ತಲೇ ಇತ್ತು. ಹಬ್ಬದ ರಜೆ, ಯಾರೂ ಎತ್ತಲಿಲ್ಲ.