ನನ್ನ ನೆಗೆಣ್ಣಿಯ ಕುರಿ ಆಟ

ಮೊದಲೇ ಹೇಳಿಬಿಡುತ್ತೇನೆ. ನನಗೆ ನಂದಾಳ ಮೇಲೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಉಂಡದ್ದು ಅರಗದಷ್ಟು. ಮಂದಿ ಇಂಥದ್ದಕ್ಕೆ ಬೇಜಾರು, ಅಸಮಾಧಾನ ಎಂದೆಲ್ಲ ಹೆಸರಿಟ್ಟು ತೇಪೆ ಹಾಕುತ್ತಾರೆ. ನನಗೆ ಆ ತೇಪೆ ಕೆಲಸ ಬರುವುದಿಲ್ಲ.

ನಂದಾ ನನ್ನ ನೆಗೆಣ್ಣಿ. ಅಂದರೆ ನನ್ನ ಗಂಡ ಸುನೀಲನ ತಮ್ಮನ ಹೆಂಡತಿ. ಕೌಜಲಗಿಯ ಕುರಿ ಕಾಯುವ ಮನೆತನದ ಹುಡುಗಿ. ಎರಡು ವರ್ಷದ ಹಿಂದೆ ಮೂಡಲಗಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಕಂಪ್ಯೂಟರಿನಲ್ಲಿ ಅವಳಿಗೆ ಟೈಪಿಂಗ್ ಬಿಟ್ಟು ಮತ್ತೇನೂ ಬರುತ್ತಿರಲಿಲ್ಲ. ನಾನೋ, ಒಂಬತ್ತು ವರ್ಷದಿಂದ ವೆಬ್‌ಸೈಟ್ ಮಾಡುವವಳು. ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಖೋಲಿ ಇದೆ, ಬೋರ್ಡಿನ ಮೇಲೆ 'ವಿದ್ಯಾ' ಎಂದು ನನ್ನದೇ ಹೆಸರಿದೆ. ಬೀಜ ಗೊಬ್ಬರದ ಅಂಗಡಿ, ಮಂಗಲ ಕಾರ್ಯಾಲಯ, ಎರಡು ಕಾಲೇಜು, ಕರದಂಟು ಮಾರುವವರು, ಹಲ್ಲಿನ ಡಾಕ್ಟರು, ಎಲ್ಲರ ಸೈಟನ್ನೂ ನಾನೇ ಮಾಡಿಕೊಟ್ಟಿದ್ದೇನೆ. ಮೊಬೈಲಿನಲ್ಲಿ ಸರಿಯಾಗಿ ಕಾಣಬೇಕು, ನೆಟ್ ಸರಿ ಇಲ್ಲದ ಹಳ್ಳಿಯಲ್ಲೂ ಬೇಗ ತೆರೆಯಬೇಕು, ನಂಬರ್ ಒತ್ತಿದರೆ ಫೋನ್ ಹೋಗಬೇಕು. ಇದರಲ್ಲಿ ನನ್ನನ್ನು ಮೀರಿಸುವವರು ಸುತ್ತಲಿನ ಮೂರು ತಾಲೂಕಿನಲ್ಲಿ ಯಾರೂ ಇಲ್ಲ. ಜಂಬವಲ್ಲ, ಖರೆ ಮಾತು.

"ಅಕ್ಕಾರ, ನನಗೂ ಒಂಚೂರ ಕಲಸ್ರಿ," ಎಂದಳು. ರವಿವಾರ ರವಿವಾರ ಕೂರಿಸಿಕೊಂಡು ಕಲಿಸಿದೆ. ನನ್ನ ಮನಸ್ಸಿನಲ್ಲಿ ಬೇರೆ ಲೆಕ್ಕವಿತ್ತು. ಕೈಗೆ ಒಬ್ಬಳು ಸಿಕ್ಕರೆ ಫೋಟೋ ಹಾಕುವ, ದರ ಬದಲಿಸುವ ಚಿಲ್ಲರೆ ಕೆಲಸ ಅವಳಿಗೆ ದಾಟಿಸಬಹುದು ಎಂದುಕೊಂಡಿದ್ದೆ.

ಅವಳು ಮಾಡಿದ್ದು ಏನು ಗೊತ್ತೇ? ಯಾವ ಅಂಗಡಿಗೂ ಬೇಡವಾದದ್ದು. ಬ್ರೌಸರಿನಲ್ಲಿ ಒಂದು ಪುಟ. ಮೊಬೈಲಿನ ಮೈಕಿಗೆ ಉಫ್ ಎಂದು ಊದಿದರೆ ಪರದೆಯ ಮೇಲೆ ಜೋಳದ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ಇನ್ನೊಂದರಲ್ಲಿ ಬೆರಳಿನಿಂದ ರೊಟ್ಟಿ ಬಡಿಯಬೇಕು, ಒಂದೇ ಕಡೆ ಜೋರಾಗಿ ಬಡಿದರೆ ಹರಿಯುತ್ತದೆ. ಏನು ಉಪಯೋಗ? ಏನೂ ಇಲ್ಲ. ಆದರೆ ನನ್ನ ಗಂಡ ಹರಿದ ರೊಟ್ಟಿ ನೋಡಿ ನಕ್ಕೂ ನಕ್ಕೂ ಸುಸ್ತಾದ. ಒಂಬತ್ತು ವರ್ಷದಲ್ಲಿ ನಾನು ಮಾಡಿದ ಒಂದು ಸೈಟನ್ನೂ ಆ ಮನುಷ್ಯ ಎರಡನೇ ಸಲ ತೆರೆದು ನೋಡಿಲ್ಲ.

ಆಮೇಲೆ ಬಂತು ಕುರಿ ಆಟ. ಮುಂಜಾನೆ ಕುರಿಗಳನ್ನು ದಡ್ಡಿಯಿಂದ, ಅಂದರೆ ಬೇಲಿ ಕಟ್ಟಿದ ಕುರಿಹಟ್ಟಿಯಿಂದ, ಬಿಟ್ಟುಕೊಂಡು ಹೊರಡಬೇಕು. ಲಾರಿ ತಪ್ಪಿಸಿ ಹೆದ್ದಾರಿ ದಾಟಿಸಬೇಕು, ಗೋವಿನಜೋಳದ ಹೊಲಕ್ಕೆ ನುಗ್ಗದಂತೆ ತಡೆಯಬೇಕು, ಸಂಜೆ ಮತ್ತೆ ದಡ್ಡಿಗೆ ತುಂಬಬೇಕು. ಅಷ್ಟರಲ್ಲಿ ಒಂದು ಕುರಿ ಎಲ್ಲೋ ಹಿಂದೆ ಉಳಿದಿರುತ್ತದೆ. ಯಾವುದು ಎಂದು ನೀವೇ ಗುರುತಿಸಿ ಹೇಳಬೇಕು. ಆಟದಲ್ಲಿ ಒಂದಕ್ಷರ ಇಲ್ಲ, ಒಂದು ಅಂಕಿ ಇಲ್ಲ. ಬರೀ ಕುರಿಗಳ ಮುಖ.

ನಮ್ಮತ್ತೆ ಲಗಮವ್ವ ಹೆಬ್ಬೆಟ್ಟಿನವಳು. ಫೋನನ್ನು ಮೂಗಿಗೆ ಹಿಡಿದು, "ಏ, ಆ ಮುರುಕ ಕಿವೀದ ಬಂದಿಲ್ಲ ನೋಡ," ಎಂದು ಒತ್ತಿದಳು. ಆಟ ಗೆದ್ದಳು. ಮತ್ತೆ ಆಡಿದಳು, ಮತ್ತೆ ಗೆದ್ದಳು. ನಾನು ಆರು ಸಲ ಆಡಿದೆ, ಆರು ಸಲವೂ ಸೋತೆ.

"ಎಲ್ಲಾ ಕುರಿ ಒಂದಾ ಥರಾ ಮಾಡೀಯಲ್ಲ, ಗುರ್ತ ಹೆಂಗ ಸಿಗಬೇಕ?" ಎಂದು ರೇಗಿದೆ.

"ಕುಣಿಯಲಾರದಾಕಿ ಅಂಗಳಾ ಡೊಂಕ ಅಂದ್ಲಂತ," ಎಂದು ಅತ್ತೆ ಬಾಯಿತುಂಬ ನಕ್ಕಳು. ನಂದಾ ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವಳು ನಕ್ಕಿದ್ದರೇ ಚಲೋ ಇತ್ತು.

ಮರುದಿನ ಖೋಲಿಯಲ್ಲಿ ಕೂತು ಅವಳ ಕೋಡ್ ತೆರೆದೆ. ತಪ್ಪು ಹುಡುಕುವುದಕ್ಕೇ ತೆರೆದೆ, ಸುಳ್ಳು ಯಾಕೆ ಹೇಳಲಿ? ಸಿಕ್ಕಾಪಟ್ಟೆ ಸಿಕ್ಕವು. ಕುರಿಗಳನ್ನೆಲ್ಲ ಒಂದು ಪಟ್ಟಿಗೆ ಹಾಕಿ ಸಂಖ್ಯೆ ಕೊಟ್ಟರೆ ಇಪ್ಪತ್ತು ಸಾಲಿನಲ್ಲಿ ಮುಗಿಯುವುದನ್ನು ಇವಳು ನಾನೂರು ಸಾಲು ಬರೆದಿದ್ದಳು. ಒಂದೊಂದು ಕುರಿಗೂ ಒಂದೊಂದು ಹೆಸರು: ಕೆಂಚಿ, ಬೋಳಿ, ಚುಕ್ಕಿ, ಕುಂಟಿ. ಒಂದೊಂದಕ್ಕೂ ಬೇರೆ ನಡಿಗೆ. ಥೂ, ಹೀಗೂ ಕೋಡ್ ಬರೆಯುತ್ತಾರೆಯೇ ಎಂದುಕೊಂಡೆ. ಆದರೆ ಕುಂಟಿ ಹೆದ್ದಾರಿ ದಾಟುವಾಗ ನಡುವೆ ನಿಂತು ಹಿಂದಕ್ಕೆ ನೋಡುತ್ತಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಇಂಥದ್ದು ನನ್ನ ಕೈಯಿಂದ ಒಂದು ದಿನವೂ ಬಂದಿಲ್ಲವಲ್ಲ ಎಂಬ ಸಂಕಟಕ್ಕೆ.

ಅವಳಿಗೆ ಸ್ವಂತ ಸೈಟ್ ಇರಲಿಲ್ಲ. ಆಟವನ್ನು ನನ್ನ ಸೈಟಿನಲ್ಲೇ ಹಾಕಿಕೊಟ್ಟಿದ್ದೆ, ಕೆಳಗೆ ನನ್ನ ಫೋನ್ ನಂಬರ್ ಇತ್ತು. ಲಿಂಕು ವಾಟ್ಸಾಪಿನಲ್ಲಿ ಹುಕ್ಕೇರಿ, ಸಂಕೇಶ್ವರ ಎಂದು ಎಲ್ಲೆಲ್ಲೋ ತಿರುಗಿತು. ಒಂದು ಗುರುವಾರ ಮುಂಜಾನೆ ಫೋನ್ ಬಂತು.

"ನಮಸ್ಕಾರ್ರಿ, ನಾ ಸ್ವಪ್ನಿಲ್ ಅಂತ, ಹತ್ತರಗಿಯಿಂದ ಮಾತಾಡಾಕತ್ತೇನಿ," ಎಂದವನು ಕಂಪನಿಯ ಹೆಸರು ಹೇಳಿದ. ಆ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ಹೆದ್ದಾರಿಯ ಬಾಜೂಕೇ ಇರುವ ಆ ಕಂಪನಿ ಶಾಲೆಯ ಮಕ್ಕಳಿಗೆ ಬ್ರೌಸರಿನಲ್ಲಿ ಆಡುವ ಆಟಗಳನ್ನು ಮಾಡುತ್ತದೆ. ಹೋದ ವರ್ಷ ನಾನೇ ಅಲ್ಲಿಗೆ ಅರ್ಜಿ ಹಾಕಿದ್ದೆ. ಅಂಗಡಿ ಮಂದಿಯ 'ಇಲ್ಲೊಂದ ಹೂವಿನ ಫೋಟೋ ಹಾಕ್ರಿ' ಸಾಕಾಗಿತ್ತು. ಸಾಯುವುದರೊಳಗೆ ನನ್ನದು ಎನ್ನುವಂಥದ್ದೊಂದು ಮಾಡಬೇಕು ಎಂಬ ಆಸೆ ಇತ್ತು. ಅವರಿಂದ 'ಬೇಡ' ಎಂಬ ಉತ್ತರ ಕೂಡ ಬಂದಿರಲಿಲ್ಲ.

"ಕುರಿ ಆಟಾ ಮಾಡಿದವರು ಯಾರ್ರಿ?" ಎಂದು ಸ್ವಪ್ನಿಲ್ ಕೇಳಿದ. "ನಮ್ಮ ಮೇಡಂಗ ಅವರನ್ನ ಕೆಲಸಕ್ಕ ತಗೋಬೇಕಂತ ಐತಿ."

ನಂದಾ ಅಡಿಗೆಮನೆಯಲ್ಲಿದ್ದಳು. ಒಂದು ಕೂಗು ಹಾಕಿದ್ದರೆ ಸಾಕಿತ್ತು.

"ಕುರಿ ಆಟಾ ನಾನ ಮಾಡೇನ್ರಿ," ಎಂದೆ.

ಸೋಮವಾರ ಬನ್ನಿ ಎಂದು ಅವನು ಫೋನಿಟ್ಟ. ಆ ನಾಲ್ಕು ದಿನ ನಾನು ನನಗೇ ಏನೇನು ಹೇಳಿಕೊಳ್ಳಲಿಲ್ಲ! ಕಲಿಸಿದವಳು ನಾನು, ಸೈಟು ನನ್ನದು, ಲ್ಯಾಪ್‌ಟಾಪು ನನ್ನದು. ಅವಳಿಗೆ ಇದು ಆಟ, ನನಗೆ ಬದುಕು. ಬೆಲ್ಲದ ಚಹಾ ಮಾಡಿಕೊಂಡು ಬಂದು, "ಯಾಕ್ರಿ ಅಕ್ಕಾರ, ಮಾರಿ ಸಪ್ಪಗಾಗೇತಿ?" ಎಂದು ಅವಳು ಕೇಳಿದಾಗ, "ತಲಿ ನೋಯಾಕತ್ತೇತಿ," ಎಂದು ಮುಖ ತಿರುಗಿಸಿದೆ. ನನ್ನ ಜೋಡಿ ಮಾತಾಡಬೇಡ ಎಂದು ಹೇಳುವಷ್ಟು ಧೈರ್ಯವೂ ನನಗಿರಲಿಲ್ಲ.

ಸೋಮವಾರ ಇಸ್ತ್ರಿ ಸೀರೆ ಉಟ್ಟು ಹತ್ತರಗಿಗೆ ಹೋದೆ. ಮೇಡಂ ಹೆಸರು ದ್ರಾಕ್ಷಾಯಿಣಿ. ಐವತ್ತರ ಮೇಲಿನ ವಯಸ್ಸು, ಬಿಳಿಕೂದಲಿಗೆ ಬಣ್ಣ ಹಚ್ಚಿರಲಿಲ್ಲ. ಸ್ವಪ್ನಿಲ್ ದೊಡ್ಡ ಪರದೆಗೆ ಆಟ ಹಾಕಿದ. ಕುರಿಗಳು ಒಂದೊಂದಾಗಿ ಹೊರಬಂದವು, ಕುಂಟಿ ಹೆದ್ದಾರಿಯ ನಡುವೆ ನಿಂತು ಹಿಂದಕ್ಕೆ ನೋಡಿತು. ನಾನು ನನ್ನ ಚಪ್ಪಲಿ ನೋಡಿಕೊಂಡು ಕೂತೆ.

"ವಿದ್ಯಾ ಅವರ," ಎಂದರು ಮೇಡಂ, "ಇದರಾಗ ಕುರಿ ಎಷ್ಟ ಅದಾವು ಅಂತ ಎಲ್ಲೂ ತೋರ್ಸಿಲ್ಲಲ್ರಿ. ಯಾಕ್ರಿ?"

ಇದನ್ನೇ ಕೇಳುತ್ತಾರೆಂದು ನನಗೆ ಗೊತ್ತಿತ್ತು. ಕೋಡ್ ತೆರೆದ ದಿನವೇ ನಾನೂ ಅದನ್ನು ತಪ್ಪಿನ ಲೆಕ್ಕದಲ್ಲಿ ಸೇರಿಸಿದ್ದೆ. ಆಟ ಎಂದ ಮೇಲೆ ಮೂಲೆಯಲ್ಲಿ ಎಣಿಕೆ ಬೇಡವೇ? ಹೊಸಬರು ಮಾಡುವ ತಪ್ಪು ಅದು.

"ಅದ ಉಳದೈತ್ರಿ ಮೇಡಂ. ಐದ ಮಿನಿಟ್ ಕೊಡ್ರಿ, ಇಲ್ಲೇ ಹಾಕಿ ತೋರಸ್ತೇನಿ," ಎಂದೆ.

ಲ್ಯಾಪ್‌ಟಾಪ್ ತೆರೆದೆ. ಇದು ನನ್ನ ಕೆಲಸ, ಇಲ್ಲಿ ನನ್ನ ಬೆರಳು ತಡವರಿಸುವುದಿಲ್ಲ. ನಂದಾಳ ಕೆಂಚಿ, ಬೋಳಿ, ಚುಕ್ಕಿಯರನ್ನೆಲ್ಲ ಎಳೆದು ಒಂದು ಪಟ್ಟಿಗೆ ಹಾಕಿದೆ. ಮೂಲೆಯಲ್ಲಿ ಚಂದದ ಹಳದಿ ಚೌಕ, ಅದರಲ್ಲಿ ಅಂಕಿ. ದಡ್ಡಿಯೊಳಗೆ ಒಂದು ಕುರಿ ಹೊಕ್ಕರೆ ಅಂಕಿ ಒಂದು ಏರುತ್ತದೆ. ನಾಲ್ಕೇ ಮಿನಿಟು. ಸ್ವಪ್ನಿಲ್ ಬೆನ್ನ ಹಿಂದೆ ನಿಂತು, "ಭಾರಿ ಫಾಸ್ಟ್ ಅದೀರಿ ಬಿಡ್ರಿ," ಎಂದ. ಬಹಳ ದಿನಗಳ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು.

ಮೇಡಂ ಮಾತ್ರ ಆ ಅಂಕಿಯನ್ನೇ ನೋಡುತ್ತಿದ್ದರು.

"ನಮ್ಮಪ್ಪ ಹುಕ್ಕೇರಿ ಕಡೆ ಕುರಿ ಕಾದವರ್ರಿ," ಎಂದರು ಕೊನೆಗೆ. "ನಮ್ಮ ಮನ್ಯಾಗ ಕುರಿ ಎಣಸಂಗಿಲ್ಲ. ಎಣಿಸಿದ್ರ ಕಮ್ಮಿ ಆಗ್ತಾವ ಅಂತಿದ್ರು. ಸಂಜೀಕ ದಡ್ಡಿ ಬಾಗಲಾಗ ನಿಂತು ಒಂದೊಂದರ ಮಾರಿ ನೋಡಿ ಒಳಗ ಬಿಡ್ತಿದ್ರು. ಈ ಆಟದಾಗ ಎಣಿಕಿ ಇಲ್ಲದ್ದ ನೋಡೇ, ಇದನ್ನ ಮಾಡಿದವರು ನಮ್ಮವರ ಅಂತ ನಾ ಫೋನ ಮಾಡಿಸಿದ್ದು. ನೀವು ಅದನ್ನ ಉಳದೈತಿ ಅಂತೀರಲ್ರಿ?"

ನಾನೂ ಅದೇ ಕುಲದವಳು. ಆದರೆ ನಮ್ಮಪ್ಪ ಹುಕ್ಕೇರಿ ಕೋರ್ಟಿನಲ್ಲಿ ಗುಮಾಸ್ತ, ನಾನು ಕುರಿಯ ಬಾಲ ಮುಟ್ಟಿ ಬೆಳೆದವಳಲ್ಲ. ಗಂಡನ ಮನೆಯವರು ಕುರಿ ಮಾರಿ ಹೊಲ ಹಿಡಿದದ್ದೂ ನಾನು ಬರುವುದಕ್ಕಿಂತ ಎಷ್ಟೋ ಮೊದಲು. ಮನೆಯಲ್ಲಿ ಇದು ಗೊತ್ತಿದ್ದ ಅತ್ತೆ, ನಂದಾ ಇಬ್ಬರನ್ನೂ ನಾನು ಒಂದು ಮಾತು ಕೇಳಿರಲಿಲ್ಲ.

"ಇದನ್ನ ಮಾಡಿದವರ್ಯಾರ್ರಿ?" ಎಂದು ಮೇಡಂ ಮತ್ತೆ ಕೇಳಿದರು. ದನಿ ಏರಿಸಲಿಲ್ಲ.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ. ಆದರೆ ಆ ಹೆಂಗಸಿನ ಎದುರು ಅದು ನಿಲ್ಲುವುದಿಲ್ಲ ಎಂದು ಗೊತ್ತಾಯಿತು. "ನನ್ನ ನೆಗೆಣ್ಣಿರಿ," ಎಂದೆ. "ನಂದಾ ಅಂತ."

"ಫೋನ ಹಚ್ರಿ."

ಹಚ್ಚಿದೆ. ಸ್ಪೀಕರಿಗೆ ಹಾಕಿ ಎಂದರು, ಹಾಕಿದೆ.

"ನಂದಾ, ನಾ ಹತ್ತರಗ್ಯಾಗ ಅದೇನಿ. ಇಲ್ಲಿ ಮೇಡಂ ನಿನ್ನ ಆಟದ ಬಗ್ಗೆ..."

"ಗೊತ್ತೈತ್ರಿ ಅಕ್ಕಾರ," ಎಂದಳು. "ಆ ದಿನಾ ನೀವು ಫೋನಿನ್ಯಾಗ 'ಕುರಿ ಆಟಾ ನಾನ ಮಾಡೇನಿ' ಅಂದದ್ದ ಕೇಳೇನ್ರಿ. ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ನಾಕ್ ದಿನಾ ದಾರಿ ಕಾದೇನಿ."

ಸ್ವಪ್ನಿಲ್ ಕಿಟಕಿಯ ಕಡೆ ನೋಡಿದ. ಮೇಡಂ ಫೋನನ್ನು ತಮ್ಮತ್ತ ಸರಿಸಿಕೊಂಡು, "ತಂಗಿ, ಇಲ್ಲಿ ಕೆಲಸಕ್ಕ ಬರ್ತೀಯೇನ?" ಎಂದು ಕೇಳಿದರು.

ಬೇಡ ಎನ್ನಲಿ, ಬೇಡ ಎನ್ನಲಿ ಎಂದು ನಾನು ಒಳಗೊಳಗೇ ಜಪ ಮಾಡುತ್ತಿದ್ದೆ. ಅಷ್ಟೆಲ್ಲ ಆದಮೇಲೂ.

"ಬರ್ತೇನ್ರಿ," ಎಂದಳು ನಂದಾ.

ಮೂಡಲಗಿ ಮುಟ್ಟುವಾಗ ಸಂಜೆ ಐದಾಗಿತ್ತು. ಬಸ್ಸಿನಲ್ಲಿ ಇಡೀ ದಾರಿ ಸಿಟ್ಟು ಮಾಡಿಕೊಂಡೇ ಬಂದೆ. ಮೇಡಂ ಮೇಲೆ, ನಂದಾಳ ಮೇಲೆ, ಹೋದ ವರ್ಷ ನನ್ನ ಅರ್ಜಿಯನ್ನು ನೋಡದವರ ಮೇಲೆ. ಗೋಕಾಕದಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಬೈಯಲು ಮಂದಿ ಮುಗಿದಿದ್ದರು, ನಾನೊಬ್ಬಳೇ ಉಳಿದಿದ್ದೆ.

ನಂದಾ ಅಂಗಳದಲ್ಲಿ ಒಣಗಿದ ಬಟ್ಟೆ ಮಡಿಚುತ್ತ ಕೂತಿದ್ದಳು. ನನ್ನ ಸೀರೆಯೂ ಅದರಲ್ಲಿತ್ತು. ಬಾಜೂಕೆ ಹೋಗಿ ಕೂತೆ.

"ತಪ್ಪಾತು ನಂದಾ," ಎಂದೆ.

"ಹೂನ್ರಿ," ಎಂದಳು. ಇರಲಿ ಬಿಡ್ರಿ ಎನ್ನಲಿಲ್ಲ, ನಾನೂ ಅದನ್ನು ಬಯಸುವ ಹಾಗಿರಲಿಲ್ಲ. ನನ್ನ ಸೀರೆಯ ಅಂಚು ಅಂಚಿಗೆ ಹೊಂದಿಸಿ ಮಡಿಚಿ ಪಕ್ಕಕ್ಕಿಟ್ಟಳು. "ಅಕ್ಕಾರ, ಒಂದ ಮಾತ ಕೇಳ್ಲೆನ್ರಿ?" ಎಂದಳು.

"ಕೇಳ."

"ಆಟಾ ಹೆಂಗ ಆಗೇತ್ರಿ? ಅತ್ತಿಯಾರ ಹೇಳಿದ್ರು, ಊರ ಮಂದಿ ಹೇಳಿದ್ರು, ಇವತ್ತ ಮೇಡಂ ಸುದ್ದಾ ಹೇಳಿದ್ರು. ಕಲಿಸಿದವರು ನೀವೊಬ್ರ ಏನೂ ಅಂದಿಲ್ರಿ."

"ಕೋಡ್ ಭಾಳ ಉದ್ದ ಆಗೇತಿ," ಎಂದು ಶುರು ಮಾಡಿದೆ. ನಾಲಿಗೆಗೆ ರೂಢಿಯಾದ ದಾರಿ ಅದು. ಅವಳು ತಲೆ ಬಾಗಿಸಿ, ಹೇಳಿದ್ದನ್ನು ಬರೆದುಕೊಳ್ಳುವ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಳ್ಳುತ್ತಿದ್ದಳು. ನಾನು ಮಾತು ನಿಲ್ಲಿಸಿದೆ.

"ಚಲೋ ಆಗೇತಿ," ಎಂದೆ. "ಹಂತಾದ್ದ ಮಾಡಾಕ ನನಗ ಬರಂಗಿಲ್ಲ."

ಅವಳ ಕಣ್ಣಿನಿಂದ ದಳದಳ ನೀರು ಸುರಿಯಿತು. ಹತ್ತರಗಿಯಲ್ಲಿ ಕೆಲಸ ಸಿಕ್ಕಾಗ ಅವಳ ದನಿ ಒಂಚೂರೂ ಅಲುಗಿರಲಿಲ್ಲ. ಈಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು, ನನ್ನ ಎರಡು ಮಾತಿಗೆ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಹೊಟ್ಟೆ ಮಾತ್ರ ಆಗಲೂ ಉರಿಯುತ್ತಲೇ ಇತ್ತು, ಆದರೂ ಕೈ ತೆಗೆಯಲಿಲ್ಲ.