ಪ್ರವಾಸಕ್ಕೆ ಬಂದ ಸೌಟು

ಫಾರಿನ್ನಿನ ಬಾಡಿಗೆ ಮನೆಯಲ್ಲಿ ಲಾಯರನ ಸೂಟ್‌ಕೇಸು ತೆರೆದಾಗ ಮೊದಲು ಹೊರಬಂದದ್ದು ಕುಕ್ಕರು. ಅದರ ಹೊಟ್ಟೆಯೊಳಗೆ ಬೇಳೆ, ಹುಣಸೆಹಣ್ಣು, ಸಾರಿನ ಪುಡಿ, ಇಂಗಿನ ಡಬ್ಬಿ. ಹಲ್ಲಿನ ಡಾಕ್ಟರನ ಚೀಲದಲ್ಲಿ ಐದು ಕಿಲೊ ಅಕ್ಕಿ. ನನ್ನ ಚೀಲದಲ್ಲಿ ಇದ್ದದ್ದು ನಾಲ್ಕು ಅಂಗಿ ಮತ್ತು ಈ ಊರಿನ ಚರಿತ್ರೆಯ ಪುಸ್ತಕ. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ನಾನು ಅಂಥ ಪೆದ್ದ.

ನಾವು ಮೂವರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಬ್ಬ ಲಾಯರಾದ, ಒಬ್ಬ ಡಾಕ್ಟರಾದ, ನಾನು ಮದುವೆಮನೆಗಳಿಗೆ ಅಡುಗೆ ಮಾಡಿಸುವವನಾದೆ. ಇಬ್ಬರೂ ನನ್ನನ್ನು ಸೌಟು ಎಂದೇ ಕರೆಯುವುದು. ಮೂವತ್ತು ವರ್ಷದಿಂದ ಊರಿಗೆಲ್ಲ ಬಡಿಸಿ, ಕಡೇ ಪಂಕ್ತಿಯಲ್ಲಿ ಉಳಿದದ್ದನ್ನು ಉಂಡವನು ನಾನು. ಫಾರಿನ್ನಿಗೆ ಹೋಗೋಣ ಬಾರೋ, ಊಟ, ಬಿಯರು, ಹಳೇ ಅರಮನೆ ಎಂದು ಲಾಯರು ಕರೆದಾಗ ನನ್ನ ಸ್ವಂತ ದುಡ್ಡಿನಲ್ಲೇ ಟಿಕೆಟ್ಟು ತೆಗೆಸಿದೆ. ಬೇರೆಯವರು ಬೇಯಿಸಿದ್ದನ್ನು ಗೆಳೆಯರ ಪಕ್ಕ ಕೂತು ಬಿಸಿಬಿಸಿಯಾಗಿ ತಿನ್ನಬೇಕು, ಆಸೆ ಇಷ್ಟೇ. ಇನ್ನೊಂದು ಆಸೆ, ಆ ಅರಮನೆಯ ಅಡುಗೆಮನೆ. ಆಳೆತ್ತರದ ಒಲೆ, ಅರವತ್ತು ಜನ ಅಡುಗೆಯವರು, ಅವರ ಹೆಸರನ್ನೆಲ್ಲ ಗೋಡೆಯ ಮೇಲೆ ಕೆತ್ತಿದ್ದಾರೆಂದು ಪುಸ್ತಕದಲ್ಲಿ ಓದಿದ್ದೆ. ಅಡುಗೆಯವನ ಹೆಸರು ಕಲ್ಲಿನ ಮೇಲೆ! ಅದನ್ನು ನೋಡದೆ ಸಾಯಬಾರದು ಅಂದುಕೊಂಡಿದ್ದೆ.

ಮೊದಲ ದಿನ ಮಧ್ಯಾಹ್ನ ಸೇತುವೆ ಪಕ್ಕದ ಬಿಯರ್ ಮನೆಗೆ ಹೋದೆವು. ನಾನೂರು ವರ್ಷದ ನೆಲಮಾಳಿಗೆ. ಎರಡು ಯುದ್ಧ, ಒಂದು ಪ್ರವಾಹ ಕಂಡರೂ ಒಂದು ದಿನವೂ ಬಾಗಿಲು ಹಾಕಿಲ್ಲವಂತೆ. ನಿಧಾನದ ಉರಿಯಲ್ಲಿ ಬೆಂದ ಮಾಂಸ, ಒರಟು ಬ್ರೆಡ್ಡು, ತುಸು ಕಹಿಯ ಬಿಯರು, ನುಂಗಿದ ಮೇಲೆ ಹುರಿದ ಧಾನ್ಯದ ಘಮ. ನಾನು ಕಣ್ಣು ಮುಚ್ಚಿ ತಿಂದೆ. ಲಾಯರು ಮೂಗು ಮುರಿದ.

"ಉಪ್ಪಿಲ್ಲ, ಹುಳಿಯಿಲ್ಲ. ಇದನ್ನ ಊಟ ಅಂತಾರಾ? ನಾಳೆ ನೀನೇ ಏನಾದ್ರೂ ಮಾಡಯ್ಯ, ಸೌಟು."

ತಮಾಷೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಇಬ್ಬರೂ ಶೂ ಹಾಕಿಕೊಂಡು ನಿಂತಿದ್ದಾರೆ.

"ಒಂದಿಷ್ಟು ಅನ್ನ ಸಾರು ಮಾಡಿಟ್ಟಿರೋ. ನಾವು ಹೀಗೆ ಹೋಗಿ ಹಾಗೆ ಬರ್ತೀವಿ. ಅರಮನೆಗೆ ನಾಳೆ ಮೂರೂ ಜನ ಹೋಗೋಣ" ಎಂದ ಡಾಕ್ಟರು. ಅವನ ಮಾತು ಯಾವತ್ತೂ ಮೆತ್ತಗೆ, ಹಲ್ಲು ಕೀಳುವಾಗಲೂ ಅಷ್ಟೇ. ನಾನು ತಲೆಯಾಡಿಸಿದೆ. ಬೇಡ ಎನ್ನುವುದು ನನ್ನ ನಾಲಿಗೆಗೆ ಅಭ್ಯಾಸವಿಲ್ಲ.

ಬಾಡಿಗೆ ಮನೆಯ ಇಕ್ಕಟ್ಟಿನ ಅಡುಗೆಮನೆಯಲ್ಲಿ, ಉರಿಯೇ ಕಾಣದ ಗಾಜಿನ ಒಲೆಯ ಮುಂದೆ ನಿಂತು ಬೇಳೆ ಬೇಯಿಸಿದೆ. ಕುಕ್ಕರು ಕೂಗಿದ್ದಕ್ಕೆ ಪಕ್ಕದ ಮನೆಯಾಕೆ ಗಾಬರಿಯಿಂದ ಬಂದು ಬಾಗಿಲು ಬಡಿದಳು. ಕೈಮುಗಿದು ಕಳಿಸಿದೆ. ಮಧ್ಯಾಹ್ನ ಒಂದು ಗಂಟೆಗೆ ಇಬ್ಬರೂ ಬಂದರು. ಲಾಯರು ಫೋನನ್ನು ನನ್ನ ಮೂಗಿಗೆ ಹಿಡಿದ.

"ನೋಡೋ, ನಿನ್ನ ಒಲೆ!"

ಆಳೆತ್ತರದ ಒಲೆಯೊಳಗೆ ಲಾಯರು ಹಲ್ಲು ಕಿರಿದು ನಿಂತಿದ್ದ. ಹಿಂದಿನ ಗೋಡೆಯ ತುಂಬ ಹೆಸರುಗಳು.

"ನಾಳೆ ಹೋಗೋಣ ಅಂದಿದ್ರಲ್ಲ?"

"ದಾರೀಲೇ ಸಿಕ್ತು, ನೋಡ್ಕೊಂಡ್ ಬಂದ್ವಿ. ನಮ್ದೇ ಕೊನೇ ಗುಂಪು. ರಿಪೇರಿಗೆ ಅಂತ ಮುಚ್ಚಿದ್ರು, ಇನ್ನು ಮೂರು ತಿಂಗಳು ತೆಗೆಯಲ್ವಂತೆ. ಏನ್ ಮಹಾ ಇದೆ ಅಲ್ಲಿ, ಮಸಿ ಹಿಡಿದ ಗೋಡೆ. ಫೋಟೊ ಕಳಿಸ್ತೀನಿ ಬಿಡು."

ಅಷ್ಟರಲ್ಲಿ ಅವನ ಹೆಂಡತಿಯ ಫೋನು ಬಂತು. "ಊಟದ್ದೇನೂ ಯೋಚ್ನೆ ಮಾಡ್ಬೇಡ ಕಣೆ, ಅಡುಗೆಯವನನ್ನ ಕರ್ಕೊಂಡೇ ಬಂದಿದೀವಲ್ಲ" ಎಂದ. ನಾನು ಎದುರಿಗೇ ಇದ್ದೆ. ದನಿ ತಗ್ಗಿಸುವಷ್ಟೂ ಅವನಿಗೆ ಅನಿಸಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಒಗ್ಗರಣೆಗೆ ಎಣ್ಣೆ ಕಾಯುತ್ತಿತ್ತು. ಒಲೆ ಆರಿಸಿ, ಕೈ ಒರೆಸಿಕೊಂಡು ಹೊರಟುಬಿಟ್ಟೆ. ಹೋಗಲು ನನಗೆ ಗೊತ್ತಿದ್ದದ್ದು ಆ ನೆಲಮಾಳಿಗೆ ಒಂದೇ. ನಿನ್ನೆ ತಿಂದದ್ದನ್ನೇ ಬೆರಳು ತೋರಿಸಿ ತರಿಸಿಕೊಂಡೆ.

ಅರ್ಧ ಗಂಟೆಯಲ್ಲಿ ಇಬ್ಬರೂ ಹುಡುಕಿಕೊಂಡು ಬಂದರು.

"ಏನಯ್ಯ, ಒಗ್ಗರಣೆ ಹಾಕದೇ ಬಂದಿದೀಯಲ್ಲ! ಹೊಟ್ಟೆ ಚುರುಗುಟ್ತಿದೆ, ಏಳು" ಎಂದ ಲಾಯರು.

ನಾನು ಡಾಕ್ಟರನ ಮುಖ ನೋಡಿದೆ. "ನಂಗೆ ಅಡುಗೆ ಬರದೇ ಇದ್ದಿದ್ರೆ ನನ್ನ ಕರೀತಿದ್ರಾ?"

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದ. "ಹಾಗಲ್ವೋ... ನಿಂಗೆ ಅಡುಗೆ ಅಂದ್ರೆ ಖುಷಿ ಅಂತ..."

"ಕರೀತಿರ್ಲಿಲ್ಲ" ಎಂದ ಲಾಯರು. "ಸುಳ್ಳು ಯಾಕೆ? ಈಗ ಏಳ್ತೀಯೋ ಇಲ್ವೋ?"

ಇಷ್ಟು ವರ್ಷದಲ್ಲಿ ಅವನು ನನ್ನ ಹತ್ತಿರ ನಿಜ ಆಡಿದ್ದು ಅದೇ ಮೊದಲು.

"ಏಳಲ್ಲ" ಎಂದೆ.

"ಹೋಗ್ಲಿ ಬಿಡ್ರೋ, ನಾವೂ ಇಲ್ಲೇ ತಿಂದ್ರಾಯ್ತು" ಎನ್ನುತ್ತಾ ಡಾಕ್ಟರು ಎದುರಿನ ಕುರ್ಚಿ ಎಳೆದ. ನಾನು ಅದರ ಮೇಲೆ ಕಾಲು ಚಾಚಿದೆ.

"ಅಡುಗೆಯವನ ಪಕ್ಕ ಕೂತ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಬೇರೆ ಟೇಬಲ್ ನೋಡ್ಕೊಳ್ಳಿ."

ಇಬ್ಬರೂ ದೂರದ ಮೂಲೆಗೆ ಹೋಗಿ ಕೂತರು. ನಾನು ಇನ್ನೊಂದು ಬಿಯರು ಹೇಳಿದೆ. ಅಳು ಬರುತ್ತಿತ್ತು, ಆದರೂ ಹೇಳಿದೆ.